ಬಿರುಕಿನ ಬಾಗಿಲಲ್ಲಿ ನಿಂತವರು
ಮಾಸ್ತಿಯವರ ಮೂರು ಕೃತಿಗಳಲ್ಲಿ ಮನೆ, ಅರಮನೆ ಮತ್ತು ಮಗು

ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ ಹೊರಟ ರೈಲುಗಾಡಿ ಬಂಗಾರಪೇಟೆಯನ್ನು ದಾಟಿದ ಮೇಲೆ ಕಾಮಸಮುದ್ರವೆಂಬ ಚಿಕ್ಕ ನಿಲ್ದಾಣವನ್ನು ಹಾದುಹೋಗುತ್ತದೆ. ಕನ್ನಡನಾಡಿನ ಅಂಚು ಅದು. ಇನ್ನು ಸ್ವಲ್ಪ ದೂರ ಹೋದರೆ ಆಂಧ್ರದ ಕುಪ್ಪಂ, ತಮಿಳುನಾಡೂ ದೂರವಿಲ್ಲ. ಸಂತೆಯ ದಿನ ಅಲ್ಲಿಯ ರೈತನೊಬ್ಬ ಒಂದೇ ಮಾತಿನಲ್ಲಿ ತೆಲುಗನ್ನೂ ತಮಿಳನ್ನೂ ಕನ್ನಡವನ್ನೂ ಬೆರೆಸಿ ವ್ಯಾಪಾರ ಮುಗಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. ಈ ಸೀಮೆ ಇಬ್ಬರು ಹೆಸರಾಂತ ಪುರುಷರನ್ನು ನಾಡಿಗೆ ಕೊಟ್ಟಿತು. ಕಾಮಸಮುದ್ರವಿರುವ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಹೈದರಾಲಿ ಹುಟ್ಟಿದನು. ನೆರೆಯ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ರ ಜೂನ್ 6ರಂದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದರು. ಒಬ್ಬನು ರಾಜ್ಯಗಳನ್ನು ಗೆದ್ದನು. ಮತ್ತೊಬ್ಬರು ರಾಜ್ಯಗಳು ಸೋತದ್ದು ಹೇಗೆಂಬುದನ್ನು ಕಥೆಯಾಗಿ ಹೇಳಿದರು.

ಮಾಸ್ತಿಯವರ ಮನೆಮಾತು ತಮಿಳು. ಅವರು ಮದರಾಸಿನಲ್ಲಿ ಓದಿ ಎಂ.ಎ. ಪದವಿಯನ್ನು ಪಡೆದದ್ದು ಇಂಗ್ಲಿಷಿನಲ್ಲಿ. ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸಿನಲ್ಲಿ ಹಿರಿಯ ಅಧಿಕಾರಿಯಾಗಿದ್ದವರು ಅವರು. ಆದರೂ ಬರೆಯಲು ಆರಿಸಿಕೊಂಡದ್ದು ಕನ್ನಡವನ್ನು. ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಬರೆದ ಇವರ ಮೊದಲ ಕಥಾಸಂಕಲನ 1920ರಲ್ಲಿ ಬೆಳಕು ಕಂಡಿತು. ಅಂದಿನಿಂದ 1986ರಲ್ಲಿ ತಮ್ಮ ಹುಟ್ಟಿದ ದಿನವೇ ಕಣ್ಣುಮುಚ್ಚುವವರೆಗೆ ಅವರು ಕನ್ನಡಿಗರಿಗೆ ಕಥೆ ಹೇಳುತ್ತಲೇ ಇದ್ದರು. 1968ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ, 1983ರಲ್ಲಿ ‘ಚಿಕವೀರ ರಾಜೇಂದ್ರ’ ಕಾದಂಬರಿಗಾಗಿ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದವು. ‘ಮಾಸ್ತಿ ಕನ್ನಡದ ಆಸ್ತಿ’ ಎಂಬ ಮಾತು ಶಾಲೆಯ ಮಕ್ಕಳಿಗೂ ಬಾಯಿಪಾಠ.

ಆಸ್ತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಸುಲಭ. ತೆಗೆದು ಬಳಸುವುದು ಕಷ್ಟ. ಮಾಸ್ತಿಯವರ ವಿಷಯದಲ್ಲಿ ಹೀಗೆಯೇ ಆಗಿದೆಯೆಂದು ಹೇಳಬೇಕು. ಅವರ ಕಥೆಗಳು ಸರಳ, ಸೌಮ್ಯ, ಮಂಗಳಕರ ಎಂಬ ಮೂರು ವಿಶೇಷಣಗಳನ್ನು ಹೇಳಿ ಪುಸ್ತಕವನ್ನು ಮುಚ್ಚಿಡುವವರೇ ಹೆಚ್ಚು. ಅವರ ಮೂರು ಕೃತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಸೌಮ್ಯತೆಯ ಕೆಳಗೆ ಎಂತಹ ಕಠಿಣವಾದ ವಿಚಾರವಿದೆಯೆಂಬುದು ತಿಳಿಯುತ್ತದೆ. ‘ಮೊಸರಿನ ಮಂಗಮ್ಮ’ ಒಂದು ಸಣ್ಣಕಥೆ. ‘ಚೆನ್ನಬಸವನಾಯಕ’, ‘ಚಿಕವೀರ ರಾಜೇಂದ್ರ’ ಎರಡೂ ಐತಿಹಾಸಿಕ ಕಾದಂಬರಿಗಳು. ಮೊದಲನೆಯದರಲ್ಲಿ ಮೊಸರು ಮಾರುವವಳ ಗುಡಿಸಲು, ಎರಡನೆಯದರಲ್ಲಿ ಬಿದನೂರಿನ ಅರಮನೆ, ಮೂರನೆಯದರಲ್ಲಿ ಮಡಿಕೇರಿಯ ಅರಮನೆ. ಹೊರನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಮೂರರಲ್ಲಿಯೂ ಕೇಳಿರುವ ಪ್ರಶ್ನೆ ಒಂದೇ: ಒಂದೇ ಒಲೆಯ ಅನ್ನ ಉಂಡವರ ನಡುವೆ ಬಿರುಕು ಬಿಟ್ಟಾಗ ಏನಾಗುತ್ತದೆ?

ಮಂಗಮ್ಮನ ಮನೆ

ಮಂಗಮ್ಮ ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಹೊತ್ತು ತಂದು ವರ್ತನೆಯ ಮನೆಗಳಿಗೆ ಹಾಕುವ ವಿಧವೆ. ಹರೆಯದಲ್ಲಿ ಗಂಡ ಬೇರೊಬ್ಬಳ ಬೆನ್ನುಹತ್ತಿ ಹೋದವನು. ಆ ನೋವನ್ನು ನುಂಗಿಕೊಂಡೇ ಮಗನನ್ನು ಬೆಳೆಸಿದವಳು. ಕಥೆಯನ್ನು ಹೇಳುವವಳು ಅವಳಿಂದ ಮೊಸರು ಕೊಳ್ಳುವ ಪಟ್ಟಣದ ಗೃಹಿಣಿ. ಪುರುಷ ಲೇಖಕರೊಬ್ಬರು ಹೆಂಗಸಿನ ದನಿಯಲ್ಲಿ, ಅವಳ ಪಡಸಾಲೆಯಲ್ಲಿ ಕುಳಿತು ಮತ್ತೊಬ್ಬ ಹೆಂಗಸಿನ ಕಥೆ ಕೇಳುವ ಈ ಕ್ರಮವೇ ಗಮನಿಸತಕ್ಕದ್ದು. ಮಂಗಮ್ಮ ಹೇಳುವಷ್ಟನ್ನೇ ಓದುಗರೂ ಕೇಳುತ್ತಾರೆ. ಅವಳ ಪಕ್ಷವನ್ನೇ ವಹಿಸುತ್ತಾರೆ.

ಜಗಳ ಹುಟ್ಟಿದ್ದು ಮೊಮ್ಮಗನಿಂದ. ಏನೋ ತುಂಟತನ ಮಾಡಿದನೆಂದು ಸೊಸೆ ನಂಜಮ್ಮ ಮಗುವನ್ನು ಹೊಡೆಯುತ್ತಾಳೆ, ಅಜ್ಜಿಗೆ ತಡೆಯುವುದಿಲ್ಲ. ಮಾತಿಗೆ ಮಾತು ಬೆಳೆಯುತ್ತದೆ. ಮಗ ಹೆಂಡತಿಯ ಕಡೆಗೆ ನಿಲ್ಲುತ್ತಾನೆ. ಒಲೆ ಎರಡಾಗುತ್ತದೆ. ದುಡಿದು ಕೂಡಿಟ್ಟ ಹಣವನ್ನು ಇನ್ನು ಯಾರಿಗಾಗಿ ಉಳಿಸಬೇಕೆಂದು ಮಂಗಮ್ಮ ಈ ವಯಸ್ಸಿನಲ್ಲಿ ಮಕಮಲ್ಲಿನ ರವಕೆ ಹೊಲಿಸಿಕೊಳ್ಳುತ್ತಾಳೆ. ಊರು ನಗುತ್ತದೆ. ಹಟದಿಂದ ಕೊಂಡ ರವಕೆ ಅದು. ಅದನ್ನು ತೊಟ್ಟವಳಿಗೆ ಒಂಟಿತನ ಮತ್ತಷ್ಟು ಚೆನ್ನಾಗಿ ಕಾಣುತ್ತದೆ, ಅಷ್ಟೆ. ಇದೇ ಹೊತ್ತಿಗೆ ರಂಗಪ್ಪನೆಂಬವನು ದಾರಿಯಲ್ಲಿ ಮಾತನಾಡಿಸತೊಡಗುತ್ತಾನೆ. ಮೊದಲು ಕೇಳುವುದು ಸಾಲ. ಬಳಿಕ ಅವನ ಸಲಿಗೆ ಬೆಳೆಯುತ್ತದೆ. ಮನೆ ಒಂದಾಗಿದ್ದಾಗ ಈತನಿಗೆ ಹತ್ತಿರ ಸುಳಿಯುವ ಧೈರ್ಯವಿರಲಿಲ್ಲ. ಗೋಡೆಯಲ್ಲಿ ಬಿರುಕು ಕಂಡದ್ದರಿಂದ ಬಂದನು.

ಮೊಮ್ಮಗನಿಗಾಗಿ ಪಟ್ಟಣದಿಂದ ಒಯ್ಯುತ್ತಿದ್ದ ಮಿಠಾಯಿಯ ಪೊಟ್ಟಣವನ್ನು ಒಮ್ಮೆ ಕಾಗೆಯೊಂದು ಎರಗಿ ಕಸಿಯುತ್ತದೆ. ಕಾಗೆ ಮೈಸೋಕಿದರೆ ಸಾವು ಹತ್ತಿರವೆಂಬ ನಂಬಿಕೆ ಹಳ್ಳಿಯದು. ಹೆದರಿದ ಮಂಗಮ್ಮನ ಮನಸ್ಸಿನಲ್ಲಿ ಆಗ ಇರುವುದು ಸಾವಿನ ಭಯವೊಂದೇ ಅಲ್ಲ. ಮೊಮ್ಮಗನನ್ನು ಎತ್ತಿಕೊಳ್ಳದೆ, ಮಗನ ಕೈಯ ನೀರು ಕುಡಿಯದೆ ಸಾಯಬೇಕಾದೀತೆಂಬ ಭಯ.

ಇಷ್ಟಾದ ಮೇಲೆ ಮಾಸ್ತಿಯವರು ಕಥೆಯನ್ನು ಒಂದು ಸುತ್ತು ತಿರುಗಿಸುತ್ತಾರೆ. ಮಗು ತಾನಾಗಿಯೇ ಅಜ್ಜಿಯ ಮನೆಗೆ ಬಂದು ಅಲ್ಲಿಯೇ ಉಳಿಯುತ್ತದೆ. ಅದರ ಹಿಂದೆಯೇ ಮಗನೂ ಸೊಸೆಯೂ ಬರುತ್ತಾರೆ. ಮಂಗಮ್ಮ ಇದನ್ನು ಮಗುವಿನ ಪ್ರೀತಿಯೆಂದು ತಿಳಿಯುತ್ತಾಳೆ. ಆದರೆ ಕೊನೆಯಲ್ಲಿ ಕಥೆ ಹೇಳುವ ಗೃಹಿಣಿಯ ಎದುರಿಗೆ ನಂಜಮ್ಮ ತನ್ನ ಕಡೆಯ ಮಾತನ್ನು ಹೇಳುತ್ತಾಳೆ. ಮಗುವನ್ನು ಅಜ್ಜಿಯ ಬಳಿಗೆ ಕಳುಹಿಸಿದವಳು ಅವಳೇ! ಅತ್ತೆಯ ಹಣ ರಂಗಪ್ಪನ ಪಾಲಾದೀತೆಂದು ಎಣಿಸಿ ಮಾಡಿದ ಉಪಾಯ ಅದು. ಜೊತೆಗೆ ಅವಳದೂ ಒಂದು ನ್ಯಾಯವಾದ ದೂರಿದೆ: ತಾನು ಹೆತ್ತ ಮಗುವನ್ನು ತಿದ್ದುವ ಹಕ್ಕೂ ತನಗಿಲ್ಲವೆಂದರೆ ಆ ಮನೆಯಲ್ಲಿ ತಾನು ಯಾರು?

ಈ ಒಂದು ಪ್ರಶ್ನೆಯಿಂದ ಅದುವರೆಗೆ ಓದಿದ್ದೆಲ್ಲ ಬೇರೆ ಬೆಳಕಿನಲ್ಲಿ ಕಾಣುತ್ತದೆ. ಮಂಗಮ್ಮ ಸುಳ್ಳು ಹೇಳಿರಲಿಲ್ಲ. ಆದರೆ ಅವಳು ಹೇಳಿದ್ದು ಅರ್ಧ ಕಥೆ. ಸೊಸೆ ಕೆಟ್ಟವಳಲ್ಲ, ಆದರೆ ಅವಳ ಒಳ್ಳೆಯತನದಲ್ಲಿ ಲೆಕ್ಕಾಚಾರವೂ ಇದೆ. ಯಾರೂ ತಪ್ಪೊಪ್ಪಿಕೊಳ್ಳಲಿಲ್ಲ, ಯಾರೂ ಯಾರ ಕಾಲನ್ನೂ ಹಿಡಿಯಲಿಲ್ಲ. ಕೊನೆಗೆ ಮೊಸರಿನ ಗಡಿಗೆ ಸೊಸೆಯ ತಲೆಗೆ ಬರುತ್ತದೆ. ಅಜ್ಜಿ ಮೊಮ್ಮಗನೊಡನೆ ಮನೆಯಲ್ಲಿ ಉಳಿಯುತ್ತಾಳೆ. ಅಧಿಕಾರ ಕೈ ಬದಲಾಯಿಸಿತು, ಆದರೆ ಮನೆ ಒಡೆಯಲಿಲ್ಲ. ಅಂದರೆ, ಸಂಸಾರವು ಉಳಿಯುವುದಕ್ಕೆ ಎಲ್ಲರೂ ದೇವತೆಗಳಾಗಬೇಕಿಲ್ಲ. ಎರಡು ಒಲೆಗಳ ನಡುವೆ ಓಡಾಡಬಲ್ಲ ಮಗುವೊಂದಿದ್ದರೆ, ಅದನ್ನು ಓಡಾಡಲು ಬಿಟ್ಟರೆ, ಸಾಕು.

ಬಿದನೂರಿನ ಬಾಗಿಲು

ತಾಯಿ ಮಗನ ನಡುವಿನ ಇದೇ ಬಿರುಕು ಅರಮನೆಯಲ್ಲಿ ಉಂಟಾದರೆ? ‘ಚೆನ್ನಬಸವನಾಯಕ’ ಕಾದಂಬರಿಯ ವಸ್ತು ಇದು. ಕೆಳದಿಯ ಅರಸರ ರಾಜಧಾನಿ ಬಿದನೂರು. ಗಂಡನನ್ನು ಕಳೆದುಕೊಂಡ ರಾಣಿ ವೀರಮ್ಮಾಜಿ. ಆಕೆಯ ಮಡಿಲಿಗೆ ದತ್ತಕನಾಗಿ ಬಂದ ಕುಮಾರ ಚೆನ್ನಬಸವ. ನಂಬಯ್ಯನಲ್ಲಿ ರಾಣಿಗಿರುವ ಅನುರಾಗ. ಅದನ್ನು ಸಹಿಸಲಾರದ ಕುಮಾರನ ಕುದಿ. ಇದು ಇತಿಹಾಸದಲ್ಲಿ ಒಂದು ಸಂಸ್ಥಾನದ ಕೊನೆಯ ಅಧ್ಯಾಯ. ರಾಣಿಯನ್ನು ಕುಲಟೆಯೆಂದು ಬರೆದು ಮುಗಿಸುವುದು ಇತಿಹಾಸಕಾರರಿಗೆ ಸುಲಭವಾಗಿತ್ತು. ಮಾಸ್ತಿಯವರಿಗೆ ಅದು ಸಾಲದು. ಹರೆಯದಲ್ಲಿಯೇ ವಿಧವೆಯಾದ ಹೆಣ್ಣೊಬ್ಬಳಿಗೆ ರಾಜ್ಯಭಾರವನ್ನು ಕೊಟ್ಟು, ಮನಸ್ಸನ್ನು ಮಾತ್ರ ಇಲ್ಲವೆಂದುಕೋ ಎಂದರೆ ಆದೀತೇ ಎಂದು ಅವರು ಕೇಳುತ್ತಾರೆ. ಹಾಗೆಂದು ಮಗನ ಅಪಮಾನವನ್ನೂ ಅವರು ಕಡಿಮೆ ಮಾಡಿ ತೂಗುವುದಿಲ್ಲ.

ಇಲ್ಲಿ ಮಂಗಮ್ಮನ ಮನೆಗೂ ಬಿದನೂರಿನ ಅರಮನೆಗೂ ಇರುವ ವ್ಯತ್ಯಾಸ ಎದ್ದುಕಾಣುತ್ತದೆ. ಮಂಗಮ್ಮನ ಗುಡಿಸಲಿನ ಜಗಳವನ್ನು ಊರೆಲ್ಲ ಕಂಡಿತು, ಆಡಿಕೊಂಡಿತು; ಆ ಆಡಿಕೆಯ ನಾಚಿಕೆಯಿಂದಲೂ ಮನೆಯವರು ಹತ್ತಿರವಾದರು. ಅರಮನೆಯ ಜಗಳಕ್ಕೆ ಅಂತಹ ನೆರೆಹೊರೆಯಿಲ್ಲ. ಅಲ್ಲಿ ಕಿವಿಗಳಿವೆ, ಕಿವಿಮಾತುಗಳಿವೆ, ಒಂದು ಕಡೆಯ ಮಾತನ್ನು ಇನ್ನೊಂದು ಕಡೆಗೆ ದೊಡ್ಡದು ಮಾಡಿ ಸಾಗಿಸುವ ಜನರಿದ್ದಾರೆ. ಮಗುವಿನಂತೆ ನಿಷ್ಕಪಟವಾಗಿ ಎರಡೂ ಕೋಣೆಗಳಿಗೆ ಓಡಾಡುವವರು ಮಾತ್ರ ಇಲ್ಲ.

ಹೀಗೆ ಒಡೆದ ಮನೆಯ ಬಾಗಿಲಿಗೆ 1763ರಲ್ಲಿ ಬಂದು ನಿಂತವನು ಹೈದರಾಲಿ. ಬೂದಿಕೋಟೆಯಲ್ಲಿ ಹುಟ್ಟಿ, ಮೈಸೂರಿನ ಸೇನೆಯಲ್ಲಿ ಮೇಲೇರಿದ ಈತ ಬಿದನೂರಿನ ಅಪಾರ ಸಂಪತ್ತನ್ನು ವಶಪಡಿಸಿಕೊಂಡನು. ಊರಿಗೆ ಹೈದರ್‌ನಗರವೆಂದು ಹೆಸರಿಟ್ಟನು. ವೀರಮ್ಮಾಜಿ ಮಧುಗಿರಿಯ ಕೋಟೆಯಲ್ಲಿ ಸೆರೆಯಾಗಬೇಕಾಯಿತು. ಇಂದು ಹೊಸನಗರ ತಾಲ್ಲೂಕಿನ ನಗರವೆಂಬ ಊರಿನಲ್ಲಿ ಕೋಟೆಯ ಅವಶೇಷವನ್ನು ಕಾಣಬಹುದು. ತಮ್ಮ ಸೀಮೆಯವನೇ ಆದ ಈ ವೀರನನ್ನು ಮಾಸ್ತಿಯವರು ರಾಕ್ಷಸನನ್ನಾಗಿ ಮಾಡಲಿಲ್ಲ, ದೇವರನ್ನಾಗಿಯೂ ಮಾಡಲಿಲ್ಲ. ಕೋಟೆ ಬೀಳುವುದಕ್ಕೆ ಮೊದಲೇ ಮನೆ ಬಿದ್ದಿತ್ತೆಂಬುದು ಅವರ ಕಾಣ್ಕೆ.

ಮಡಿಕೇರಿಯ ಕತ್ತಲೆ

‘ಚಿಕವೀರ ರಾಜೇಂದ್ರ’ ಪ್ರಕಟವಾದದ್ದು 1956ರಲ್ಲಿ. ಕೊಡಗು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿದ್ದೂ ಅದೇ ವರ್ಷ. ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ 1880ರಿಂದ ನಡೆಸಿಕೊಂಡು ಬಂದಿದ್ದ ಕೋಲಾರದ ಚಿನ್ನದ ಗಣಿಗಳು ಮೈಸೂರು ಸರಕಾರದ ಕೈಗೆ ಬಂದದ್ದೂ ಅದೇ ವರ್ಷ. ಕಂಪನಿಯವರ ಕಾಲ ಮುಗಿಯುತ್ತಿದ್ದ ಹೊತ್ತಿನಲ್ಲಿ ಆ ಸೀಮೆಯ ಲೇಖಕರು, ಮತ್ತೊಂದು ಕಂಪನಿ ಒಂದು ನಾಡಿನೊಳಕ್ಕೆ ಕಾಲಿಟ್ಟದ್ದು ಹೇಗೆಂದು ಬರೆದರು.

ಕೊಡಗಿನ ಕೊನೆಯ ಅರಸ ಚಿಕವೀರ ರಾಜೇಂದ್ರ ಆಳಿದ್ದು 1820ರಿಂದ 1834ರವರೆಗೆ. ಆತ ಸಿಂಹಾಸನವನ್ನು ಪಡೆದದ್ದೇ ಬಿರುಕು ಬಿಟ್ಟ ಮನೆಯಿಂದ. ದೊಡ್ಡವೀರ ರಾಜೇಂದ್ರ 1809ರಲ್ಲಿ ತೀರಿಕೊಂಡಾಗ ಪಟ್ಟ ತನ್ನ ಮಗಳಿಗಾಗಬೇಕೆಂಬುದು ಅವನ ಇಚ್ಛೆಯಾಗಿತ್ತು. ಅವನ ತಮ್ಮ ಲಿಂಗರಾಜ ಅಣ್ಣನ ಮಗಳನ್ನು ಬದಿಗೊತ್ತಿ ತಾನೇ ದೊರೆಯಾದನು. ಆ ಲಿಂಗರಾಜನ ಮಗ ಚಿಕವೀರ. ಅನ್ಯಾಯದಿಂದ ದೊರೆತ ಪಟ್ಟದ ಮೇಲೆ ಕುಳಿತವನಿಗೆ ನೆಂಟರೆಲ್ಲ ಶತ್ರುಗಳಾಗಿ ಕಾಣುವುದು ಸಹಜ. ತನ್ನ ಒಡಹುಟ್ಟಿದ ತಂಗಿ ದೇವಮ್ಮಾಜಿಯನ್ನೂ ಅವನು ನಂಬಲಾರ. ಅವಳ ಗಂಡ ಚೆನ್ನಬಸವಯ್ಯನನ್ನಂತೂ ನಂಬಲೇ ಆರ. ಚೆನ್ನಬಸವಯ್ಯನೂ ಪಟ್ಟದ ಆಸೆಯಿಲ್ಲದವನಲ್ಲವೆಂಬುದನ್ನು ಮಾಸ್ತಿಯವರು ಮರೆಮಾಡುವುದಿಲ್ಲ.

ಅರಸನ ಸುತ್ತ ಇರುವ ಪಾತ್ರಗಳು ಈ ಕಾದಂಬರಿಯ ಶಕ್ತಿ. ಕುಂಟಬಸವ ಅರಸನ ಬಾಲ್ಯದ ಗೆಳೆಯ, ಬಳಿಕ ಮಂತ್ರಿ. ಒಡೆಯನ ಕೆಟ್ಟ ಆಸೆಗಳನ್ನೆಲ್ಲ ನಡೆಸಿಕೊಡುವ ಕೈ. ಈತ ಲಿಂಗರಾಜನಿಗೇ ಹುಟ್ಟಿದ ಮಗ, ಅರಸನಿಗೆ ಅಣ್ಣನಾಗಬೇಕಾದವನು ಎಂಬುದು ಕಾದಂಬರಿಯಲ್ಲಿ ತಡವಾಗಿ ಹೊರಬೀಳುತ್ತದೆ. ಅಣ್ಣನೆಂದು ಗೌರವದಿಂದ ಇರಬೇಕಾದವನು ಆಳಾಗಿ ಬೆಳೆದನು, ತಿದ್ದಬೇಕಾದವನು ಕೆಡಿಸುವವನಾದನು. ಅವನ ನಿಷ್ಠೆ ನಿಜವಾದದ್ದೇ. ಆದರೆ ಒಡೆಯನ ತಪ್ಪಿಗೆ ಅಡ್ಡ ನಿಲ್ಲದ ನಿಷ್ಠೆ ಒಡೆಯನನ್ನೇ ಮುಳುಗಿಸುತ್ತದೆ.

ಗೌರಮ್ಮ ರಾಣಿ ಇದಕ್ಕೆ ಎದುರಾದ ಪಾತ್ರ. ಗಂಡನನ್ನು ಕಾಯಬೇಕು, ಗಂಡನಿಂದ ಪ್ರಜೆಗಳನ್ನೂ ಕಾಯಬೇಕು. ಮಗಳ ಎದುರಿಗೆ ತಂದೆಯ ಗೌರವ ಕುಂದದಂತೆಯೂ ನೋಡಿಕೊಳ್ಳಬೇಕು. ಇಷ್ಟು ಭಾರವನ್ನು ಹೊತ್ತ ಸ್ತ್ರೀಪಾತ್ರ ಕನ್ನಡ ಕಾದಂಬರಿಗಳಲ್ಲಿ ವಿರಳ. ಮಾಸ್ತಿಯವರ ಹೆಂಗಸರು ಸಹನೆಯ ಮೂರ್ತಿಗಳು, ಸಹನೆಯೇ ಎಲ್ಲಕ್ಕೂ ಮದ್ದೆಂದು ಅವರು ಬೋಧಿಸುತ್ತಾರೆ ಎಂಬ ಆಕ್ಷೇಪವುಂಟು. ಗೌರಮ್ಮನ ಪಾತ್ರವನ್ನು ನೋಡಿದರೆ ಈ ಆಕ್ಷೇಪ ನಿಲ್ಲಲಾರದು. ಆಕೆಯ ಸಹನೆಗೆ ಎಣೆಯಿಲ್ಲ. ಆದರೂ ಅದು ಗಂಡನನ್ನು ಉಳಿಸಲಿಲ್ಲ, ರಾಜ್ಯವನ್ನೂ ಉಳಿಸಲಿಲ್ಲ. ಒಬ್ಬರೇ ಸಹಿಸುತ್ತ ಹೋದರೆ ಮನೆ ನಿಲ್ಲದು. ಎದುರಿಗಿದ್ದವರೂ ಒಂದು ಹೆಜ್ಜೆ ಮುಂದೆ ಬರಬೇಕು. ನಂಜಮ್ಮ ಆ ಹೆಜ್ಜೆಯನ್ನು ಇಟ್ಟಳು, ಲೆಕ್ಕಾಚಾರದಿಂದಲಾದರೂ ಇಟ್ಟಳು. ಚಿಕವೀರ ಇಡಲಿಲ್ಲ.

ಅವನು ಮಾಡಿದ್ದೇನು? ಇಲ್ಲಿ ಕಾದಂಬರಿಯ ಅತ್ಯಂತ ಭೀಕರವಾದ ಘಟನೆ ಬರುತ್ತದೆ. ತಂಗಿಯೂ ಭಾವನೂ ಇಂಗ್ಲಿಷರ ಆಶ್ರಯವನ್ನು ಅರಸಿ ಕೊಡಗಿನಿಂದ ಓಡಿಹೋಗುತ್ತಾರೆ. ಅವರ ಕೂಸು ಅರಸನ ಕೈಗೆ ಸಿಕ್ಕುತ್ತದೆ. ಅವನು ಅದನ್ನು ಕೊಲ್ಲುತ್ತಾನೆ.

ಮಂಗಮ್ಮನ ಕಥೆಯನ್ನು ಬಲ್ಲವರಿಗೆ ಈ ಘಟನೆ ಇಮ್ಮಡಿ ನೋವನ್ನು ಉಂಟುಮಾಡುತ್ತದೆ. ಆ ಕೂಸು ಸೋದರಮಾವನ ಮನೆಗೂ ಹೆತ್ತವರಿಗೂ ನಡುವೆ ಉಳಿದಿದ್ದ ಒಂದೇ ಎಳೆ. ಅದನ್ನು ಜೀವಸಹಿತ ಒಪ್ಪಿಸಿದ್ದರೆ ಎಂತಹ ದ್ವೇಷವೂ ಒಂದು ಮಾತಿಗೆ ಎಡೆಗೊಡುತ್ತಿತ್ತು. ಗುಡಿಸಲಿನಲ್ಲಿ ಮಗು ಸೇತುವೆಯಾಯಿತು. ಅರಮನೆಯಲ್ಲಿ ಸೇತುವೆಯನ್ನು ಕಡಿಯಲಾಯಿತು. ಚಿಕವೀರ ತನ್ನ ಸ್ವಂತ ಮಗಳನ್ನು ಪ್ರಾಣದಂತೆ ಪ್ರೀತಿಸುವವನೆಂಬುದನ್ನು ಮಾಸ್ತಿಯವರು ಮರೆಯದೆ ತೋರಿಸುತ್ತಾರೆ. ಮಕ್ಕಳನ್ನು ಪ್ರೀತಿಸಲಾರದ ಕಟುಕನೊಬ್ಬ ಹೀಗೆ ಮಾಡಿದ್ದರೆ ಅದು ಕ್ರೂರಿಯ ಕಥೆಯಾಗುತ್ತಿತ್ತು. ಪ್ರೀತಿಸಬಲ್ಲವನೇ ಹೀಗೆ ಮಾಡಿದ್ದರಿಂದ ಅದು ಮನುಷ್ಯನ ಕಥೆಯಾಯಿತು.

ಬೋಪಣ್ಣನ ಧರ್ಮಸಂಕಟ

ಅರಸ ಹೀಗಾದಾಗ ಪ್ರಜೆಯ ಧರ್ಮವೇನು? ಕಾದಂಬರಿಯ ಉತ್ತರಾರ್ಧದಲ್ಲಿ ಮಂತ್ರಿ ಬೋಪಣ್ಣನನ್ನು ಕಾಡುವ ಪ್ರಶ್ನೆ ಇದು. ಆತ ಕೊಡಗರ ನಾಯಕ, ಅರಮನೆಯ ಉಪ್ಪುಂಡವನು. ರಾಣಿಯಲ್ಲಿ ಆತನಿಗೆ ಅಪಾರ ಗೌರವ. ಪಟ್ಟದ ಆಸೆ ಆತನಿಗಿಲ್ಲ. ಆದರೆ ನಾಡಿನ ಜನ ನೊಂದು ಕೇಳುವಾಗ ಅರಸನ ಉಪ್ಪಿನ ಮಾತನ್ನು ಎಷ್ಟು ದಿನ ಹೇಳುವುದು? ಕೊನೆಗೆ ಆತ ಅರಸನನ್ನು ಇಳಿಸಲು ಇಂಗ್ಲಿಷರಿಗೆ ದಾರಿ ಬಿಡುತ್ತಾನೆ. 1834ರ ಏಪ್ರಿಲಿನಲ್ಲಿ ಕರ್ನಲ್ ಫ್ರೇಸರನ ಸೈನ್ಯ ಮಡಿಕೇರಿಯನ್ನು ಸೇರಿತು, ಅರಸನು ಸೆರೆಯಾದನು, ಕೊಡಗು ಕಂಪನಿಯ ಆಳ್ವಿಕೆಗೆ ಸೇರಿಹೋಯಿತು. ಇಳಿಸಬೇಕೆಂದು ಕರೆದದ್ದು ಒಬ್ಬ ದೊರೆಯನ್ನು; ಹೋದದ್ದು ದೇಶ.

ಬೋಪಣ್ಣ ದ್ರೋಹಿಯೋ, ದೇಶಭಕ್ತನೋ? ಮಾಸ್ತಿಯವರು ತೀರ್ಪನ್ನು ಬರೆದುಕೊಡುವುದಿಲ್ಲ. ಸುಮ್ಮನಿದ್ದಿದ್ದರೆ ಜನ ಸಾಯುತ್ತಿದ್ದರು. ಕರೆದದ್ದರಿಂದ ನಾಡು ಹೋಯಿತು. ಈ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯಲೇಬೇಕಾದ ದುರವಸ್ಥೆ ಬರುವಷ್ಟರ ಮಟ್ಟಿಗೆ ಮನೆಯ ಜಗಳವನ್ನು ಬೆಳೆಯಲು ಬಿಟ್ಟದ್ದೇ ತಪ್ಪು. ಆ ತಪ್ಪಿನಲ್ಲಿ ಅರಸನ ಪಾಲು ದೊಡ್ಡದು. ಆದರೆ ಮೊದಲೇ ಗದರಿಸದ ಹಿರಿಯರ ಪಾಲು, ಹೌದೆಂದ ಬಸವನ ಪಾಲು, ಆಸೆಪಟ್ಟ ಭಾವನ ಪಾಲು, ತಮ್ಮ ಮಗಳ ಹಕ್ಕನ್ನು ಕಸಿದ ಹಿಂದಿನ ತಲೆಮಾರಿನ ಪಾಲು, ಎಲ್ಲವೂ ಉಂಟು.

ಮೂರು ಕೃತಿಗಳನ್ನೂ ಓದಿ ಮುಗಿಸಿದ ಮೇಲೆ ಒಂದು ಸಾಮ್ಯ ಹೊಳೆಯುತ್ತದೆ. ಮಂಗಮ್ಮನ ಬಾಗಿಲಲ್ಲಿ ರಂಗಪ್ಪ, ಬಿದನೂರಿನ ಬಾಗಿಲಲ್ಲಿ ಹೈದರಾಲಿ, ಮಡಿಕೇರಿಯ ಬಾಗಿಲಲ್ಲಿ ಕಂಪನಿ. ಇವರು ಒಂದೇ ತೂಕದವರಲ್ಲ. ಒಬ್ಬನು ಪುಡಿಗಾಸಿನ ಆಸೆಯವನು, ಒಬ್ಬನು ಮಹಾಯೋಧ, ಮತ್ತೊಂದು ಸಾಗರದಾಚೆಯ ಸಾಮ್ರಾಜ್ಯ. ಆದರೆ ಮೂವರೂ ಗೋಡೆಯನ್ನು ಒಡೆದು ಬಂದವರಲ್ಲ. ಒಡೆದಿದ್ದ ಗೋಡೆಯನ್ನು ಕಂಡು ಬಂದವರು. ಹೊರಗಿನವನನ್ನು ಬೈಯುವುದರಲ್ಲಿ ಮಾಸ್ತಿಯವರು ಕಾಲ ಕಳೆಯಲಿಲ್ಲ. ಒಳಗಿನವರು ಆಡಬೇಕಾಗಿದ್ದ ಮಾತು ಯಾವುದು, ಅದನ್ನು ಆಡದೆ ಹೋದದ್ದು ಏಕೆ ಎಂಬುದರ ಕಡೆಗೇ ಅವರ ದೃಷ್ಟಿ.

ಇತಿಹಾಸವು ಈ ಕಥೆಗೆ ಮತ್ತೊಂದು ಕೊನೆಯನ್ನು ಕೂಡಿಸಿದೆ. ಪದಚ್ಯುತನಾದ ಚಿಕವೀರ ರಾಜೇಂದ್ರ ಕಾಶಿಯಲ್ಲಿ ಬಹುಕಾಲವಿದ್ದು, 1852ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋದನು. ಅದೇ ವರ್ಷ ಆ ಹುಡುಗಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನಿಟ್ಟಳು. ವಿಕ್ಟೋರಿಯಾ ಗೌರಮ್ಮ ಮುಂದೆ ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾಗಿ, 1864ರಲ್ಲಿ ಇನ್ನೂ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡಳು. ತಂಗಿಯ ಕೂಸನ್ನು ಉಳಿಯಗೊಡದ ಅರಸನ ಮುದ್ದಿನ ಮಗಳು ಹೀಗೆ ಪರದೇಶದ ಮಣ್ಣಿನಲ್ಲಿ ಮಲಗಿದಳು.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಬಂಗಾರಪೇಟೆಯಿಂದ ಇಂದಿಗೂ ಸಾವಿರಾರು ಮಂದಿ ಮುಂಜಾನೆಯ ಗಾಡಿಯನ್ನು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರ ನಡುವೆ ಮೊಸರಿನ ಗಡಿಗೆಯಿಲ್ಲದ ಮಂಗಮ್ಮಂದಿರೂ ಇದ್ದಾರೆ, ಮನೆಯಲ್ಲಿ ಮಗುವನ್ನು ಅತ್ತೆಯ ಕೈಗೆ ಒಪ್ಪಿಸಿ ಬಂದ ನಂಜಮ್ಮಂದಿರೂ ಇದ್ದಾರೆ. ಮಗುವನ್ನು ಹೊಡೆಯುವ ಹಕ್ಕು ಯಾರದು, ಮುದ್ದಿಸುವ ಹಕ್ಕು ಯಾರದು, ಮಗ ಯಾರ ಕಡೆಗೆ ನಿಲ್ಲಬೇಕು ಎಂಬ ಪ್ರಶ್ನೆಗಳು ಯಾವ ಊರಿನಲ್ಲಿಯೂ ಹಳೆಯವಾಗಿಲ್ಲ. ಮಾಸ್ತಿಯವರ ಕೃತಿಗಳಲ್ಲಿ ಇದಕ್ಕೆ ಕಾನೂನು ಸಿಕ್ಕುವುದಿಲ್ಲ. ಆದರೆ ಜಗಳವಾಡಿದ ದಿನ ರಾತ್ರಿ ಮಗು ಆಚೆಯ ಕೋಣೆಗೆ ಹೋಗುತ್ತೇನೆಂದರೆ ತಡೆಯಬಾರದೆಂಬ ಒಂದು ತಿಳಿವಳಿಕೆ ಸಿಕ್ಕುತ್ತದೆ. ಸಂಸಾರಸ್ಥರಿಗೆ ಅದು ಸಣ್ಣ ಲಾಭವಲ್ಲ.